ಹುಡುಗರು ಎಲ್ಲಿರ್ತಾರೆ?

ಲೆಕ್ಕದ ಮೇಷ್ಟ್ರು ಡಾಕ್ಟರಮ್ಮನ ಮನೆಯ ಜಗಲಿ ಹತ್ತಿದಾಗ ಅವರ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಹಾಳೆಯೊಂದಿತ್ತು. ಮಾರನೆಯ ದಿನ ಒಂಬತ್ತು, ಹತ್ತನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಲೈಂಗಿಕ ದೌರ್ಜನ್ಯದ ಬಗ್ಗೆ ಅರಿವಿನ ಕಾರ್ಯಕ್ರಮ. ಇಲಾಖೆಯ ಸುತ್ತೋಲೆ ಹೆಡ್‌ಮಾಸ್ಟರ ಮೇಜಿಗೆ ಬಂದು, ಅಲ್ಲಿಂದ ಜಾರಿ ಮೇಷ್ಟ್ರ ತಲೆಗೆ ಬಿದ್ದಿತ್ತು. ವಿಜ್ಞಾನದ ಮೇಡಂ ಹೆರಿಗೆ ರಜೆಯಲ್ಲಿದ್ದರು. ಮಿಕ್ಕವರಿಗೆಲ್ಲ ಸುತ್ತೋಲೆ ಬಂದ ಗಳಿಗೆಯಲ್ಲೇ ಬೇರೆ ಕೆಲಸಗಳು ನೆನಪಾಗಿದ್ದವು. ಕಾರ್ಯಕ್ರಮ ಮುಗಿಯುವ ತನಕ ಹುಡುಗರನ್ನು ಪಿ.ಟಿ. ಮೇಷ್ಟ್ರು ಮೈದಾನಕ್ಕೆ ಕರೆದೊಯ್ದು ಖೋಖೋ ಆಡಿಸುವುದೆಂದು ತೀರ್ಮಾನವಾಗಿತ್ತು.

ಸೊರಬದ ಕಡೆಯ ಆ ಊರಿನಲ್ಲಿ ಮಳೆ ಒಂದು ಗಂಟೆ ಬಿಡುವು ಕೊಟ್ಟಿತ್ತು. ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಡಾಕ್ಟರಮ್ಮ ಮೊರದಲ್ಲಿ ಹಲಸಿನ ಬೇಳೆ ಹರಡಿಕೊಂಡು ಸಿಪ್ಪೆ ಬಿಡಿಸುತ್ತಿದ್ದರು. ಹಾಳೆಯನ್ನು ಇಸಿದುಕೊಂಡು ಕನ್ನಡಕ ಮೇಲೇರಿಸಿ ಓದಿದರು. ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ. ಅಪರಿಚಿತರ ಜತೆ ಮಾತಾಡಬೇಡಿ. ಮೈ ತುಂಬ ಬಟ್ಟೆ ಹಾಕಿ. ಅಪಾಯ ಬಂದರೆ ಜೋರಾಗಿ ಕೂಗಿ. ಹೀಗೆ ಒಟ್ಟು ಹನ್ನೊಂದು.

“ಹನ್ನೊಂದರಲ್ಲಿ ಮನೆಯೊಳಗೆ ಉಪಯೋಗಕ್ಕೆ ಬರೋದು ಎಷ್ಟು ಮೇಷ್ಟ್ರೇ?” ಎಂದು ಕೇಳಿದರು.

ಮೇಷ್ಟ್ರು ಹಾಳೆಯನ್ನು ಮತ್ತೆ ನೋಡಿದರು. ಕೂಗುವುದೊಂದು ಬರಬಹುದು ಅಂದರು.

“ದೊಡ್ಡಪ್ಪನ ಮೇಲೆ ಕೂಗೋದಾ? ಟ್ಯೂಷನ್ ಹೇಳಿಕೊಡೋನ ಮೇಲಾ? ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದವರು ವರ್ಷಾವರ್ಷ ಪುಸ್ತಕ ತರ್ತಾರಲ್ಲ, 2022ರದ್ದು ತೆಗೆದು ನೋಡಿ. ದೇಶದಲ್ಲಿ 31,516 ಅತ್ಯಾಚಾರ ಪ್ರಕರಣ ದಾಖಲಾಗಿವೆ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಆಕೆಗೆ ಗೊತ್ತಿದ್ದವನೇ. ನಿಮ್ಮ ಪಟ್ಟಿ ಇರೋದು ಪೂರ್ತಿ ಉಳಿದ ಹತ್ತಕ್ಕೆ.”

ಮೇಷ್ಟ್ರಿಗೆ ಸ್ವಲ್ಪ ಸಿಟ್ಟು ಬಂತು. ರಾತ್ರಿ ಕೂತು ಬರೆದದ್ದು ಅದು. ಇದೆಲ್ಲ ಪೊಲೀಸರ ವಿಷಯ, ಕೋರ್ಟಿನ ವಿಷಯ. ಶಾಲೆಯಲ್ಲಿ ಮೇಷ್ಟ್ರಾದವನು ಎಚ್ಚರಿಕೆ ಹೇಳಬಹುದೇ ಹೊರತು ಇನ್ನೇನು ಮಾಡಲಾದೀತು, ಡಾಕ್ಟರಾದರೂ ಏನು ಮಾಡಿಯಾರು ಎಂದರು.

ಡಾಕ್ಟರಮ್ಮ ಆ ಮಾತಿಗೆ ಮಂಗನ ಕಾಯಿಲೆಯ ಕತೆ ತೆಗೆದರು. ಆ ಸೀಮೆಯಲ್ಲಿ ಅದು ಎಲ್ಲ ಮಾತಿಗೂ ಒದಗುವ ಕತೆ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರತೊಡಗಿದವು. ಹಿಂದೆಯೇ ಕಾಡಿಗೆ ಹೋಗಿ ಬಂದವರಿಗೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಅದು ಉಣುಗು ಹರಡುವ ಹೊಸ ವೈರಸ್ ಎಂದು ಗೊತ್ತಾಯಿತು, ರೋಗಕ್ಕೆ ಕಾಡಿನದೇ ಹೆಸರಾಯಿತು.

“ಆವತ್ತು ಬಂದೋರು ಎಂತ ಕೇಳಿದ್ರು? ಯಾವ ತಿಂಗಳಲ್ಲಿ ಜಾಸ್ತಿ, ಯಾವ ಊರಲ್ಲಿ, ಜ್ವರ ಬಂದೋರು ಹಿಂದಿನ ವಾರ ಎಲ್ಲಿ ಹೋಗಿದ್ರು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ. ತರಗೆಲೆ ತರೋಕೆ ಹೋದ ಹೆಂಗಸಿಗೆ ‘ನೀನ್ಯಾಕೆ ಕಾಡಿಗೆ ಹೋದೆ’ ಅಂತ ಬೈದು ಫೈಲು ಮುಚ್ಚಲಿಲ್ಲ. ಮಂಗ ಬಿದ್ದ ಜಾಗದ ಸುತ್ತ ಔಷಧಿ ಹೊಡೆದ್ರು, ಮೈಗೆ ಹಚ್ಚೋಕೆ ಎಣ್ಣೆ ಕೊಟ್ರು. ಸಾರ್ವಜನಿಕ ಆರೋಗ್ಯ ಅಂದ್ರೆ ಇಷ್ಟೇ ಮೇಷ್ಟ್ರೇ. ಹಾಸಿಗೆ ಮೇಲೆ ಮಲಗಿದ ಒಬ್ಬರನ್ನ ನೋಡ್ಕೊಳ್ಳೋದು, ಜತೆಗೇ ಮುಂದಿನ ಹತ್ತು ಜನ ಮಲಗದ ಹಾಗೆ ನೋಡೋದು.”

“ಉಣುಗಿಗೆ ಮನಸ್ಸಿಲ್ಲ ಡಾಕ್ಟ್ರಮ್ಮ. ಅದು ಬೇಕು ಅಂತ ಕಚ್ಚಲ್ಲ. ಮನುಷ್ಯ ಬೇಕು ಅಂತಲೇ ಮಾಡ್ತಾನೆ. ಕಾಯಿಲೆ ಅಂದುಬಿಟ್ರೆ ಅವನ ತಪ್ಪು ತೇಲಿಹೋಗಲ್ವಾ?”

ಇದು ಒಳ್ಳೆಯ ಪ್ರಶ್ನೆ. ಡಾಕ್ಟರಮ್ಮನೂ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿದರು. ಮಾಡಿದವನನ್ನು ರೋಗಿ ಎಂದು ತಾನು ಹೇಳಿಲ್ಲ, ಅವನಿಗೆ ಜೈಲೇ ಆಗಲಿ ಎಂದರು. ಆದರೆ ಜೈಲು ಬರುವುದು ಆದ ಮೇಲೆ, ಅದೂ ದೂರು ಕೊಟ್ಟರೆ, ಅದೂ ಸಾಬೀತಾದರೆ. ಹಿಂಸೆ ಇಡೀ ಜಗತ್ತಿನ ಆರೋಗ್ಯದ ಸಮಸ್ಯೆ ಎಂದು ವಿಶ್ವ ಆರೋಗ್ಯ ಸಭೆ 1996ರಲ್ಲಿಯೇ ನಿರ್ಣಯ ಮಾಡಿತ್ತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಿಂಸೆಯ ಮೇಲೊಂದು ದಪ್ಪ ವರದಿ ತಂದಾಗ ಲೈಂಗಿಕ ಹಿಂಸೆಗೇ ಒಂದು ಅಧ್ಯಾಯ ಮೀಸಲಿಟ್ಟಿತು. ಅದೇ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ ಭೂಮಿಯ ಮೇಲಿನ ಮೂವರು ಹೆಂಗಸರಲ್ಲಿ ಸುಮಾರು ಒಬ್ಬಳು ಜೀವಮಾನದಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ಹೊಡೆತವನ್ನೋ ಲೈಂಗಿಕ ಹಿಂಸೆಯನ್ನೋ, ಇಲ್ಲವೇ ಬೇರೆಯವರಿಂದ ಲೈಂಗಿಕ ಹಿಂಸೆಯನ್ನೋ ಅನುಭವಿಸಿದ್ದಾಳೆ.

“ಮೂವರಲ್ಲಿ ಒಬ್ಬರಿಗೆ ಬರೋ ಬೇರೆ ಯಾವುದೇ ತೊಂದರೆ ಇದ್ದಿದ್ರೆ ಇಷ್ಟೊತ್ತಿಗೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಅದಕ್ಕೊಂದು ರಿಜಿಸ್ಟರ್ ಇರ್ತಿತ್ತು.”

ಸಂಖ್ಯೆ ಬಂದಾಗ ಮೇಷ್ಟ್ರ ಮುಖ ಸ್ವಲ್ಪ ಅರಳಿತು. ತಮ್ಮ ಅಂಗಳಕ್ಕೆ ಮಾತು ಬಂತಲ್ಲ. ಇಂಥ ಅಂಕಿಗಳನ್ನು ತಾವು ಸುಲಭಕ್ಕೆ ನಂಬುವುದಿಲ್ಲ ಎಂದರು. ನಾಚಿಕೆಯ ವಿಷಯವನ್ನು ಯಾರು ಬಾಯಿ ಬಿಟ್ಟು ಹೇಳುತ್ತಾರೆ, ಕೇಳಿದವರು ಹೇಗೆ ಕೇಳಿದರು, ಛೇದದಲ್ಲಿ ಯಾರಿದ್ದಾರೆ?

ಡಾಕ್ಟರಮ್ಮ ಒಳಗೆ ಹೋಗಿ ಹಳೆಯ ಡೈರಿಯೊಂದನ್ನು ತಂದರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019ರಿಂದ 21ರ ತನಕ ನಡೆದದ್ದು. ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ, ಅದೂ ಬೇರೆ ಯಾರೂ ಹತ್ತಿರ ಇಲ್ಲದಿದ್ದರೆ. ಅತ್ತೆ ಬಾಗಿಲಲ್ಲಿ ನಿಂತರೆ ಆ ಭಾಗವನ್ನೇ ಬಿಟ್ಟುಬಿಡಬೇಕು. ಹಾಗೆ ಕೇಳಿದಾಗ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದವರು ದೇಶದಲ್ಲಿ ಶೇ. 29.3. ಕರ್ನಾಟಕದಲ್ಲಿ?

“ಹೇಳಿ.”

“ಶೇ. 44.4. ಅದರ ಹಿಂದಿನ ಸಮೀಕ್ಷೆಯಲ್ಲಿ 20.6 ಇತ್ತು.”

ಮೇಷ್ಟ್ರು ತುಸು ಹೊತ್ತು ಸುಮ್ಮನಾದರು. ಆಮೇಲೆ, ನಾಲ್ಕೈದು ವರ್ಷದಲ್ಲಿ ಒಂದು ರಾಜ್ಯದ ಗಂಡಸರು ಎರಡರಷ್ಟು ಕೆಡಲು ಸಾಧ್ಯವಿಲ್ಲ, ಎಲ್ಲೋ ಅಳತೆಗೋಲು ಬದಲಾಗಿದೆ ಎಂದರು. ಡಾಕ್ಟರಮ್ಮ ಒಪ್ಪಿದರು. ಹೇಳುವ ಧೈರ್ಯ ಹೆಚ್ಚಿರಬಹುದು, ಕೇಳುವವರ ತರಬೇತಿ ಸುಧಾರಿಸಿರಬಹುದು, ಹಿಂಸೆಯೂ ಏರಿರಬಹುದು. ಯಾವುದು ಎಷ್ಟೆಂದು ಒಂದು ಅಂಕಿಯಿಂದ ಬಿಡಿಸಲು ಬರುವುದಿಲ್ಲ. “ಆದ್ರೆ ಒಂದು ನೋಡಿ. ಅಳತೆಗೋಲು ತಪ್ಪಿದ್ದು ಈ ಸಲವೇ ಅಂತ ಯಾಕೆ ಅಂದ್ಕೋಬೇಕು? ಹಿಂದಿನ ಸಲ ತಪ್ಪಿರಬಾರ್ದಾ?”

ಅದೇ ಸಮೀಕ್ಷೆಯಲ್ಲಿ ಮೇಷ್ಟ್ರ ಪಟ್ಟಿಗೆ ನೇರ ತಾಗುವ ಇನ್ನೊಂದು ವಿವರವಿತ್ತು. ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರಲ್ಲಿ ಶೇ. 82ರಷ್ಟು ಮಂದಿ ಹೇಳಿದ್ದು ಈಗಿನ ಗಂಡನ ಹೆಸರನ್ನು. ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ಯಾರಿಂದಲಾದರೂ ಸಹಾಯ ಕೇಳಿದವರು ಶೇ. 14. ಸಹಾಯ ಕೇಳದೆ, ಯಾರ ಹತ್ತಿರವೂ ಹೇಳಿಕೊಳ್ಳದೆ ಇದ್ದವರು ಶೇ. 77.

“ಗಂಡ ಅಂದ್ರೆ ಕಾನೂನಲ್ಲಿ ಅದು ಅಪರಾಧವೇ ಅಲ್ವಲ್ಲ,” ಎಂದರು ಮೇಷ್ಟ್ರು, ಹೇಳುತ್ತಲೇ ಆ ಮಾತು ತಮಗೇ ಹಿತವಾಗದವರಂತೆ.

ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡನ ಬಲವಂತ ಅತ್ಯಾಚಾರವಲ್ಲ ಎಂಬ ವಿನಾಯಿತಿ ಹಳೆಯ ದಂಡಸಂಹಿತೆಯಿಂದ ಹೊಸ ನ್ಯಾಯ ಸಂಹಿತೆಗೂ ನಡೆದು ಬಂದಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿದ್ದ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ನಿರಾಕರಿಸಿ ಸುದ್ದಿಯಾಯಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕಾನೂನಿನ ಮಾತು ಕಾನೂನಿನವರಿಗೆ ಇರಲಿ, ಗರ್ಭಕೋಶಕ್ಕೆ ಮಾಡಿದವನು ಗಂಡನೋ ಪರಕೀಯನೋ ಗೊತ್ತಾಗುವುದಿಲ್ಲ ಎಂದರು ಡಾಕ್ಟರಮ್ಮ. ಸಂಗಾತಿಯಿಂದ ಹಿಂಸೆಗೆ ಒಳಗಾದವರಲ್ಲಿ ಖಿನ್ನತೆ ಹತ್ತಿರ ಹತ್ತಿರ ಎರಡು ಪಟ್ಟು ಹೆಚ್ಚು, ಕಡಿಮೆ ತೂಕದ ಮಗು ಹುಟ್ಟುವ ಸಂಭವ ಶೇ. 16ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿತ್ತು.

ಆಮೇಲೆ ಅವರು ಹೇಳಿದ್ದು ಯಾವ ವರದಿಯಲ್ಲೂ ಇರುವಂಥದ್ದಲ್ಲ. ಹೊಟ್ಟೆನೋವು ಎಂದು ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ಹೆಂಗಸಿನ ಕತೆ. ಸ್ಕ್ಯಾನಿಂಗ್ ಸರಿ ಇತ್ತು, ರಕ್ತ ಸರಿ ಇತ್ತು. ಗ್ಯಾಸ್ಟ್ರಿಕ್ ಮಾತ್ರೆ, ಆಮೇಲೆ ಜಂತುಹುಳದ ಮಾತ್ರೆ, ಆಮೇಲೆ ವಿಟಮಿನ್. ಒಂದು ದಿನ ಆಸ್ಪತ್ರೆಯಲ್ಲಿ ಕರೆಂಟು ಹೋಗಿ, ಕ್ಯೂ ಕರಗಿ, ಇಬ್ಬರೇ ಕತ್ತಲಲ್ಲಿ ಕೂತಿದ್ದಾಗ ಡಾಕ್ಟರಮ್ಮ ಬೇಸರಕ್ಕೆಂಬಂತೆ, ಮನೆಯಲ್ಲಿ ಎಲ್ಲ ಹೇಗಿದೆ ಎಂದು ಕೇಳಿದರು. ಅಷ್ಟೇ ಸಾಕಾಯಿತು.

“ನನ್ನ ಸರ್ವಿಸ್‌ನ ಹನ್ನೊಂದನೇ ವರ್ಷ ಅದು. ಮೊದಲಿನ ಹತ್ತು ವರ್ಷ ಎಷ್ಟು ಜನಕ್ಕೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದೆನೋ.”

ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದ ಸುಮಾರಿಗೆ ಪಾಲಿಕೆಯವರೂ ಸೆಹತ್ ಎಂಬ ಸಂಸ್ಥೆಯವರೂ ಸೇರಿ ‘ದಿಲಾಸಾ’ ಎಂಬ ಕೇಂದ್ರ ತೆರೆದರು. ದೇಶದಲ್ಲಿ ಆಸ್ಪತ್ರೆಯ ಒಳಗೇ ಇಂಥದ್ದು ಅದೇ ಮೊದಲು. ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುವ ಹೆಂಗಸಿನ ಗಾಯ ಬಚ್ಚಲಿನದಲ್ಲ ಎಂದು ಗುರುತಿಸಲು ನರ್ಸುಗಳಿಗೆ ಕಲಿಸಿದರು, ಆಪ್ತಸಮಾಲೋಚಕರನ್ನು ಅದೇ ಕಟ್ಟಡದಲ್ಲಿ ಕೂರಿಸಿದರು. ಠಾಣೆಯ ಮೆಟ್ಟಿಲು ಹತ್ತದವಳು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾಳೆ, ಮಗುವಿನ ಕೆಮ್ಮಿಗಾದರೂ. ಅದನ್ನು ಬಳಸಿಕೊಂಡರು, ಅಷ್ಟೇ. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಗೆಳತಿ’ ಘಟಕಗಳು ಬಂದದ್ದೂ, ಕೇಂದ್ರದ ‘ಸಖಿ’ ಕೇಂದ್ರಗಳು 2015ರಿಂದ ಶುರುವಾದದ್ದೂ ಅದೇ ಯೋಚನೆಯ ಮೇಲೆ.

ಮೇಷ್ಟ್ರು ಈಗ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದ್ದರು. ಹಾಗಾದರೆ ಮಕ್ಕಳಿಗೆ ಏನು ಹೇಳಲಿ, ಅಂಥದ್ದು ಆಗಿಹೋದರೆ ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳಿದರು.

ಆಸ್ಪತ್ರೆಗೆ. ಯಾವುದೇ ಆಸ್ಪತ್ರೆಗೆ. ಸರ್ಕಾರಿಯೋ ಖಾಸಗಿಯೋ, ದುಡ್ಡು ಕೇಳದೆ ಚಿಕಿತ್ಸೆ ಕೊಡಲೇಬೇಕೆಂದು 2013ರಿಂದಲೂ ಕಾನೂನಿದೆ. ನಿರಾಕರಿಸಿದ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದು ವರ್ಷದ ತನಕ ಸಜೆಯಾಗಬಹುದು. ಇದರಲ್ಲಿ ಗಡಿಯಾರ ಮುಖ್ಯ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಗರ್ಭ ನಿಲ್ಲದಂತೆ ಮಾಡುವ ತುರ್ತು ಮಾತ್ರೆಯೂ ಮೊದಲ ಮೂರು ದಿನದೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಐದು ದಿನದ ತನಕ ಸ್ವಲ್ಪ ಮಟ್ಟಿಗೆ. ಕಾಮಾಲೆಯ ಲಸಿಕೆ, ಟಿಟಿ. ಮೈಯಿಂದ ಸಾಕ್ಷ್ಯದ ಮಾದರಿ ತೆಗೆಯಲು 96 ಗಂಟೆಯವರೆಗೆ ಅವಕಾಶ ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುತ್ತದೆ. ಹಾಕಿದ್ದ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿ ತಂದರೆ ಒಳ್ಳೆಯದು, ತರದಿದ್ದರೂ ಬರಬೇಕು.

“ಮಿಂದುಬಿಟ್ಟಿದ್ರೆ?”

“ಮಿಂದೇ ಮೀಯ್ತಾರೆ ಮೇಷ್ಟ್ರೇ. ಮೊದಲು ಮಾಡೋದೇ ಅದು. ಮಿಂದೆ ಅಂತ ಬರೋದು ಬಿಡಬಾರ್ದು. ಸಾಕ್ಷಿಗಿಂತ ಮೊದಲು ಔಷಧಿ ಇದೆ.”

ಇಲ್ಲಿ ಅವರ ದನಿ ಇಳಿಯಿತು. ತಾವು ಓದುವಾಗ ಕಲಿಸಿದ್ದ, ತಾವೂ ಎಷ್ಟೋ ಸಲ ಮಾಡಿದ್ದ ಎರಡು ಬೆರಳಿನ ಪರೀಕ್ಷೆಯ ಮಾತು ಬಂತು. ಈಕೆಗೆ ಮೊದಲೇ ಲೈಂಗಿಕ ಸಂಪರ್ಕದ ಅಭ್ಯಾಸವಿತ್ತೇ ಎಂದು ಬೆರಳು ಹಾಕಿ ನೋಡಿ ಷರಾ ಬರೆಯುವುದು. ಅದಕ್ಕೆ ವಿಜ್ಞಾನದ ಆಧಾರವಿಲ್ಲ, ಅದು ಎರಡನೆಯ ದೌರ್ಜನ್ಯ. ಸುಪ್ರೀಂ ಕೋರ್ಟ್ 2013ರಲ್ಲಿ ಅದನ್ನು ಖಂಡಿಸಿತು, ಮರುವರ್ಷದ ಮಾರ್ಗಸೂಚಿ ಅದನ್ನು ಕೈಬಿಟ್ಟಿತು, ಆದರೂ ನಿಲ್ಲಲಿಲ್ಲ. ಇನ್ನು ಮುಂದೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು 2022ರ ಅಕ್ಟೋಬರ್ 31ರಂದು ಅದೇ ನ್ಯಾಯಾಲಯ ಮತ್ತೆ ಹೇಳಬೇಕಾಯಿತು. “ನಂಗೆ ಯಾರೂ ತಪ್ಪು ಅಂತ ಹೇಳಿಕೊಟ್ಟಿರಲಿಲ್ಲ,” ಎಂದ ಡಾಕ್ಟರಮ್ಮ, ಸ್ವಲ್ಪ ತಡೆದು, “ಆದ್ರೆ ಆ ಹುಡುಗಿಯರ ಮುಖ ನೋಡಿದ್ರೆ ಗೊತ್ತಾಗ್ಬೇಕಿತ್ತು,” ಎಂದರು.

ಮೇಷ್ಟ್ರು ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಜೋರಾಗಿ ಕೂಗಿ, ಓಡಿ. ಇದಾದರೂ ಇರಲಿ ಎಂದರು.

“ಇದೇ ಎಲ್ಲಕ್ಕಿಂತ ಅಪಾಯದ್ದು.”

ಸ್ಟಾಕ್‌ಹೋಮಿನ ಅತ್ಯಾಚಾರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಹೆಂಗಸರನ್ನು ಅಲ್ಲಿನ ವೈದ್ಯರು ಮಾತಾಡಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರರಲ್ಲಿ ಎಪ್ಪತ್ತು ಮಂದಿಗೆ ಆ ಹೊತ್ತಿನಲ್ಲಿ ಮೈ ಮರಗಟ್ಟಿತ್ತು. ಕೈಕಾಲು ಆಡದು, ದನಿ ಹೊರಡದು. ಇವರಿಗೆ ಒಪ್ಪಿಗೆಯೂ ಇರಲಿಲ್ಲ, ಹೇಡಿತನವೂ ಅದಲ್ಲ. ಹುಲಿಯ ಬಾಯಿಗೆ ಸಿಕ್ಕ ಜಿಂಕೆಯ ಮೈ ಮಾಡುವುದೂ ಅದನ್ನೇ. ನಾಳೆ ನೀವು ನೂರು ಹುಡುಗಿಯರಿಗೆ ‘ಕೂಗಿ’ ಎಂದು ಹೇಳಿದರೆ, ಮುಂದೊಂದು ದಿನ ಕೂಗಲಾಗದೆ ಹೋದವಳು ತಪ್ಪು ತನ್ನದೇ ಎಂದು ನಂಬುತ್ತಾಳೆ ಎಂದರು ಡಾಕ್ಟರಮ್ಮ. ನಂಬುವುದು ಅವಳೊಬ್ಬಳೇ ಅಲ್ಲ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಅತ್ಯಾಚಾರ ಮಾಡಿದ ಮೊಕದ್ದಮೆಯಲ್ಲಿ, ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂಬ ತರ್ಕಕ್ಕೆ ತೂಕ ಕೊಟ್ಟು ಸುಪ್ರೀಂ ಕೋರ್ಟ್ 1978ರಲ್ಲಿ ಇಬ್ಬರು ಪೊಲೀಸರನ್ನು ಬಿಟ್ಟಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮುಂತಾದ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು, ಬೀದಿಗಳಲ್ಲಿ ಹೆಂಗಸರು ಸೇರಿ, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕಾನೂನು ತಿದ್ದಿದರೂ ಆ ತರ್ಕ ನಮ್ಮ ಜಗಲಿಕಟ್ಟೆಗಳಲ್ಲಿ ಇನ್ನೂ ಆರಾಮವಾಗಿ ಕೂತಿದೆ.

ನಮ್ಮ ಭಾಷೆಯಲ್ಲೂ ಕೂತಿದೆ ಅನ್ನಬೇಕು. ಮಾನಭಂಗ, ಶೀಲಹರಣ: ಮಾಡಿದವನು ಒಬ್ಬ, ಕಳೆದುಕೊಂಡ ಲೆಕ್ಕ ಮಾತ್ರ ಅವಳ ಹೆಸರಿಗೆ. ‘ಹುಡುಗಿ ಕೆಟ್ಟುಹೋದಳು’ ಎನ್ನುವಾಗ ಕ್ರಿಯಾಪದ ಕೂಡ ಅವಳ ಪಾಲಿಗೇ ಬರುತ್ತದೆ. ಎಮ್ಮೆ ಹಾಯ್ದು ಪಕ್ಕೆಲುಬು ಮುರಿದವರನ್ನು ಯಾರೂ ಕೆಟ್ಟುಹೋದರು ಅನ್ನುವುದಿಲ್ಲ. ಮೇಷ್ಟ್ರು ತಮ್ಮ ಹಾಳೆಯ ಶೀರ್ಷಿಕೆಯಲ್ಲಿದ್ದ ‘ಮಾನ ರಕ್ಷಣೆ’ ಎಂಬುದನ್ನು ಹೆಬ್ಬೆರಳಿಂದ ಮುಚ್ಚಿಕೊಂಡದ್ದನ್ನು ಡಾಕ್ಟರಮ್ಮ ಕಂಡೂ ಕಾಣದಂತಿದ್ದರು.

ಮಳೆ ಮತ್ತೆ ಹನಿಯತೊಡಗಿತು. ಕಾಫಿ ಬಂತು.

ಒಂದು ಹೆದರಿಕೆ ಮೇಷ್ಟ್ರಿಗೆ ಉಳಿದಿತ್ತು. ನಾಳೆ ಮಾತು ಮುಗಿದ ಮೇಲೆ ಒಂದು ಹುಡುಗಿ ಬಂದು, ಸರ್ ನಂಗೂ ಹೀಗಾಗಿದೆ ಅಂದರೆ? ಅದು ಹೆದರಬೇಕಾದ ವಿಷಯವೇ. ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ ಜಾರಿಗೆ ಬಂತು; ಹದಿನೆಂಟರ ಒಳಗಿನವರ ಮೇಲೆ ದೌರ್ಜನ್ಯವಾದದ್ದು ಗೊತ್ತಾದರೆ ಮೇಷ್ಟ್ರಾಗಲಿ ಡಾಕ್ಟರಾಗಲಿ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಆದ್ದರಿಂದ, ಯಾರಿಗೂ ಹೇಳಲ್ಲ ಎಂದು ಮಗುವಿಗೆ ಮಾತು ಕೊಡಬೇಡಿ ಎಂದರು ಡಾಕ್ಟರಮ್ಮ. ನಂಬ್ತೀನಿ ಅನ್ನಿ, ತಪ್ಪು ನಿನ್ನದಲ್ಲ ಅನ್ನಿ, ಯಾರಿಗೆ ಹೇಳಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ. ಪೊಲೀಸ್ ಥರ ನೂರು ಪ್ರಶ್ನೆ ಕೇಳಬೇಡಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181. ಎರಡನ್ನೂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಒಂದು ವಾರ ಅಳಿಸಬೇಡಿ.

ಈ ಕಡ್ಡಾಯ ವರದಿಗೂ ಒಂದು ಅಡ್ಡಪರಿಣಾಮವಿದೆ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಪ್ರೀತಿ, ಓಡಿಹೋದದ್ದು, ಬಸಿರು. ಆಸ್ಪತ್ರೆಗೆ ಬಂದರೆ ಹುಡುಗ ಜೈಲಿಗೆ ಹೋಗುತ್ತಾನೆಂದು ಹುಡುಗಿ ಬರುವುದೇ ಇಲ್ಲ, ಇಲ್ಲವೇ ಏಳನೇ ತಿಂಗಳಿಗೆ ಬರುತ್ತಾಳೆ. ಧಾರವಾಡ ಪೀಠದಲ್ಲಿ ಇಂಥ ಪ್ರಕರಣ ಕೇಳಿದ ಹೈಕೋರ್ಟ್ 2022ರ ನವೆಂಬರ್‌ನಲ್ಲಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಯೋಚನೆ ಮಾಡಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ವಯಸ್ಸು ಇಳಿಸುವುದು ಬೇಡ, ಹದಿನಾರು ದಾಟಿದವರ ಪ್ರಕರಣದಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದು ಆಯೋಗ ಮರುವರ್ಷ ಉತ್ತರ ಕೊಟ್ಟಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ಹೆಸರನ್ನು ಡಾಕ್ಟರು ಪೊಲೀಸರಿಗೆ ಹೇಳಬೇಕಿಲ್ಲವೆಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೊಂದು ಸಣ್ಣ ಕಿಂಡಿ.

“ಗಂಡುಮಕ್ಕಳಿಗೂ ಆಗತ್ತಂತೆ ಇದು,” ಎಂದರು ಮೇಷ್ಟ್ರು. ಕೇಳಿದ್ದೋ ಹೇಳಿದ್ದೋ ಗೊತ್ತಾಗಲಿಲ್ಲ.

ಆಗುತ್ತದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಹೇಳಿಕೊಂಡರು. ಹಾಗೆ ಹೇಳಿಕೊಂಡವರಲ್ಲಿ ಹುಡುಗರೇ ಸ್ವಲ್ಪ ಹೆಚ್ಚಿದ್ದರು.

ಮೇಷ್ಟ್ರು ಪೆನ್ನಿನ ಕ್ಯಾಪು ಮುಚ್ಚಿದರು. ಎಲ್ಲ ಸರಿ, ಆದರೆ ಇದು ಚಿಕಿತ್ಸೆಯ ಮಾತಾಯಿತು. ಮಂಗನ ಕಾಯಿಲೆಗೆ ಮೈಗೆ ಹಚ್ಚುವ ಎಣ್ಣೆಯಾದರೂ ಇದೆ, ಇದಕ್ಕೆ ಎಣ್ಣೆ ಎಲ್ಲಿದೆ, ಇದನ್ನು ತಡೆಯಬಹುದು ಎಂದು ಯಾರಾದರೂ ಎಲ್ಲಾದರೂ ತೋರಿಸಿದ್ದಾರೆಯೇ?

ಡಾಕ್ಟರಮ್ಮ ದೂರ ಹೋಗಲಿಲ್ಲ. ಕರ್ನಾಟಕದ್ದೇ ಉದಾಹರಣೆ ಕೊಟ್ಟರು, ಅದೂ ಯಾರೂ ಊಹಿಸದ ಜಾಗದಿಂದ. ಈ ಶತಮಾನದ ಮೊದಲ ದಶಕದಲ್ಲಿ ಎಚ್‌ಐವಿ ತಡೆಗೆಂದು ರಾಜ್ಯದ ಜಿಲ್ಲೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುತ್ತಿದ್ದವರಿಗೆ ಒಂದು ಸಂಗತಿ ತಿಳಿಯಿತು: ಹೊಡೆತ, ಅತ್ಯಾಚಾರಕ್ಕೆ ಸಿಕ್ಕವರ ಕೈಗೆ ಕಾಂಡೋಮ್ ಕೊಟ್ಟು ಪ್ರಯೋಜನವಿಲ್ಲ. ಹಿಂಸೆ ನಿಲ್ಲದೆ ಸೋಂಕು ನಿಲ್ಲದು. ಹಾಗಾಗಿ ಆ ಹೆಂಗಸರೇ ಸೇರಿದ ತುರ್ತು ತಂಡಗಳಾದವು. ಯಾರಿಗಾದರೂ ಹೊಡೆತ ಬಿತ್ತೆಂದರೆ ದಿನದೊಳಗೆ ಅಲ್ಲಿರಬೇಕು. ವಕೀಲರನ್ನು ಜತೆಗಿಟ್ಟುಕೊಂಡರು, ಪೊಲೀಸರಿಗೆ ತರಬೇತಿ ಕೊಟ್ಟರು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಲ ಕಾಣಿಸಿತು. ಮುಖಾಮುಖಿ ಕೇಳಿದಾಗ, ಹಿಂದಿನ ವರ್ಷ ಹೊಡೆತವನ್ನೋ ಅತ್ಯಾಚಾರವನ್ನೋ ಅನುಭವಿಸಿದವರು ಶೇ. 13ರಿಂದ 9ಕ್ಕೆ ಇಳಿದಿದ್ದರು. ಹೆಸರು ಗುಟ್ಟಾಗಿಟ್ಟು ಕೇಳಿದಾಗ ಶೇ. 27.3ರಿಂದ 18.9ಕ್ಕೆ.

“ನೋಡಿ ನೋಡಿ,” ಎಂದರು ಮೇಷ್ಟ್ರು, “ಕೇಳೋ ರೀತಿ ಬದಲಾದ್ರೆ ಅಂಕಿ ಎರಡು ಪಟ್ಟು! ನಾನು ಹೇಳಿದ್ನಲ್ಲ.”

“ಹೇಳಿದ್ರಿ. ಎರಡೂ ಕಡೆ ಇಳಿದಿದೆ ಅನ್ನೋದನ್ನೂ ಬರ್ಕೊಳ್ಳಿ.”

ಉಗಾಂಡದ ಕಂಪಾಲಾದಲ್ಲೂ ಹೀಗೇ. ‘ಸಾಸಾ!’ ಎಂದರೆ ಸ್ವಾಹಿಲಿಯಲ್ಲಿ ‘ಈಗ’. ಆ ಹೆಸರಿನ ಕಾರ್ಯಕ್ರಮದಲ್ಲಿ ಹೊರಗಿನವರು ಬಂದು ಭಾಷಣ ಮಾಡಲಿಲ್ಲ. ಓಣಿಯ ಅಂಗಡಿಯವರು, ನೆರೆಯವರು, ಪೊಲೀಸರು ತಮ್ಮತಮ್ಮೊಳಗೆ ಅಧಿಕಾರ ಎಂದರೇನು, ಮನೆಯಲ್ಲಿ ಅದು ಯಾರ ಕೈಲಿದೆ ಎಂದು ವರ್ಷಗಟ್ಟಲೆ ಮಾತಾಡಿದರು. ಎಂಟು ಬಡಾವಣೆಗಳಲ್ಲಿ ಹೋಲಿಸಿ ನೋಡಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕಾರ್ಯಕ್ರಮ ನಡೆದ ಕಡೆ ಹೆಂಗಸರಿಗೆ ಸಂಗಾತಿಯಿಂದ ಬೀಳುವ ಹೊಡೆತ ಶೇ. 52ರಷ್ಟು ಕಡಿಮೆ ಇತ್ತು. ಲೈಂಗಿಕ ಹಿಂಸೆಯ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲು ಬರಲಿಲ್ಲ. ಎಲ್ಲ ಮದ್ದೂ ಎಲ್ಲ ಕಡೆ ತಾಗುವುದಿಲ್ಲ ಎಂದರು ಡಾಕ್ಟರಮ್ಮ, ಮಾತು ತೂಗುವ ತಮ್ಮ ಹಳೆಯ ರೂಢಿಯಂತೆ.

“ಕುಡಿತ ನಿಲ್ಲಿಸಿದ್ರೆ ಅರ್ಧ ನಿಲ್ಲತ್ತೆ ಅನ್ಸತ್ತೆ ನಂಗೆ.”

ಕುಡಿತದ ಲೆಕ್ಕವೂ ಡೈರಿಯಲ್ಲಿತ್ತು. ಗಂಡ ಆಗಾಗ ಕುಡಿದು ಅಮಲೇರುವವನಾದರೆ ಹಿಂಸೆ ಅನುಭವಿಸಿದ ಹೆಂಗಸರು ಶೇ. 70, ಕುಡಿಯದವನಾದರೆ 23. ಆದರೆ ಕುಡಿಯದವರ ಮನೆಯಲ್ಲೂ 23 ಇದೆಯಲ್ಲ? ವಿಶ್ವಸಂಸ್ಥೆಯ ಸಂಸ್ಥೆಗಳು ಬಾಂಗ್ಲಾದೇಶ, ಶ್ರೀಲಂಕಾ, ಚೀನಾ, ಇಂಡೊನೇಷ್ಯಾ, ಕಾಂಬೋಡಿಯಾ, ಪಾಪುವಾ ನ್ಯೂಗಿನಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರನ್ನು ಮಾತಾಡಿಸಿ 2013ರಲ್ಲಿ ವರದಿ ಕೊಟ್ಟವು. ಭಾರತ ಅದರಲ್ಲಿರಲಿಲ್ಲ. ‘ಅತ್ಯಾಚಾರ’ ಎಂಬ ಪದವನ್ನೇ ಬಳಸದೆ, ಒಲ್ಲದ ಹೆಂಗಸಿನ ಮೇಲೆ ಬಲವಂತ ಮಾಡಿದ್ದೀರಾ ಎಂದು ಕೇಳಿದ್ದರು. ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬ ಹೌದೆಂದ. ಏಕೆ ಎಂದರೆ, ಮುಕ್ಕಾಲು ಪಾಲು ಮಂದಿಯ ಉತ್ತರ ತನಗೆ ಬೇಕಿತ್ತು, ತನಗೆ ಆ ಹಕ್ಕಿದೆ ಎಂಬರ್ಥದ್ದು. ಮೋಜಿಗೆ, ಬೇಜಾರು ಕಳೆಯಲು ಎಂದವರು ಆಮೇಲೆ. ಕುಡಿದಿದ್ದೆ ಎಂಬ ಕಾರಣ ಪಟ್ಟಿಯ ಕಟ್ಟಕಡೆಗೆ ಬಂದಿತ್ತು.

“ಮೊದಲ ಸಲ ಮಾಡಿದಾಗ ವಯಸ್ಸೆಷ್ಟು ಅಂತಲೂ ಕೇಳಿದ್ರು.” ಡಾಕ್ಟರಮ್ಮ ಮೊರವನ್ನು ಬದಿಗಿಟ್ಟರು. “ಸುಮಾರು ಅರ್ಧ ಜನಕ್ಕೆ ಇಪ್ಪತ್ತೂ ತುಂಬಿರಲಿಲ್ಲ.”

ಮೇಷ್ಟ್ರು ಏನೂ ಬರೆದುಕೊಳ್ಳಲಿಲ್ಲ.

“ಒಂಬತ್ತನೇ ಕ್ಲಾಸು ಅಂದ್ರೆ ಎಷ್ಟು ವಯಸ್ಸು? ಹದಿನಾಲ್ಕು, ಹದಿನೈದು? ನಾಳೆ ನೀವು ಹುಡುಗಿಯರ ಹತ್ರ ಮಾತಾಡೋವಾಗ ಹುಡುಗರು ಎಲ್ಲಿರ್ತಾರೆ?”

“ಮೈದಾನದಲ್ಲಿ. ಖೋಖೋ.”

ಒಳಗಿನ ಗೋಡೆ ಗಡಿಯಾರ ಏಳು ಹೊಡೆಯಿತು. ಮೇಷ್ಟ್ರು ಎದ್ದು ಜಗಲಿಯ ಅಂಚಿಗೆ ಹೋಗಿ, ಅಲ್ಲಿ ಮಾತ್ರ ಸಿಗುವ ನೆಟ್‌ವರ್ಕ್‌ಗೆ ಮೊಬೈಲ್ ಎತ್ತಿ ಹಿಡಿದರು. ಪಿ.ಟಿ. ಮೇಷ್ಟ್ರಿಗೆ ಫೋನ್ ಹೋಯಿತು. ನಾಳೆ ಆಟ ಬೇಡ, ಹುಡುಗರನ್ನೂ ಹಾಲ್‌ಗೆ ಕರೆತನ್ನಿ, ನೀವೂ ಬನ್ನಿ ಎಂದರು. ಆ ಕಡೆಯಿಂದ ಒಂದಷ್ಟು ಹೊತ್ತು ಮಾತು ಕೇಳಿಸಿತು. ಹುಡುಗರು ನಗುತ್ತಾರೆ, ಗಲಾಟೆ ಮಾಡುತ್ತಾರೆ, ಹೆಣ್ಣುಮಕ್ಕಳ ಎದುರು ಇದೆಲ್ಲ ಯಾಕೆ ಎಂದಿರಬೇಕು.

“ನಗ್ಲಿ. ಜತೆಗೆ ಕೂರಿಸೋದು ಕಷ್ಟ ಅಂದ್ರೆ ಮೊದಲ ಪೀರಿಯಡ್ ಅವರು, ಎರಡನೇ ಪೀರಿಯಡ್ ಇವರು,” ಎಂದ ಮೇಷ್ಟ್ರು ಡಾಕ್ಟರಮ್ಮನ ಕಡೆ ತಿರುಗಿ ಹುಬ್ಬೇರಿಸಿದರು. ಮೊದಲು ಯಾರು ಎಂದು ಕೇಳುತ್ತಿದ್ದರು.

ಡಾಕ್ಟರಮ್ಮ ಮೊರದಲ್ಲಿದ್ದ ಸಿಪ್ಪೆಯನ್ನು ಅಂಗಳಕ್ಕೆ ಕೊಡವುತ್ತ, “ಹುಡುಗರು,” ಎಂದರು.